ಅರ್ಧ ಲೋಟ ಶರಬತ್ತು

ರಗಬ್ ವೀಸಾದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹಾಜ್ ಬಯೂಮಿಯವರ ಮುಂದೆ ಚಾಚಿದ್ದೇ ತಡ, ಅಡುಗೆಮನೆಯಿಂದ ಅವರ ಹೆಂಡತಿಯ ಉಲುಲು, ನಾಲಿಗೆ ಹೊರಳಿಸಿ ಹಾಕುವ ಸಂಭ್ರಮದ ಕೇಕೆ, ಶುರುವಾಯಿತು. ಮಗಳು ನಜ್ಲಾಳ ಮದುವೆಯ ಮಾತುಕತೆ ಇವತ್ತು ಗಟ್ಟಿಯಾಗುತ್ತದೆಂದು ಕೆಂಪು ಶರಬತ್ತು ಬೆಳಿಗ್ಗೆಯೇ ತಯಾರಾಗಿತ್ತು. ಹಾಜ್ ಕನ್ನಡಕ ಏರಿಸಿಕೊಂಡು ಕಾಗದ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ಕೂಗಿದರು.

"ಶರಬತ್ತು ಅಲ್ಲೇ ಇರ್ಲಿ. ಟೀ ತನ್ನಿ."

ಉಲುಲು ಅರ್ಧಕ್ಕೇ ನಿಂತಿತು. ಹೆಣ್ಣು ಕೇಳಲು ಬಂದವನಿಗೆ ಬರೀ ಟೀ ಸಿಕ್ಕರೆ ಏನರ್ಥವೆಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರಗಬನ ಮುಖ ಸಪ್ಪಗಾಯಿತು. ಭಾನುವಾರವೇ ಅವನ ವಿಮಾನ.

"ಹಾಜ್, ಕುವೈತಿನ ಕಾಗದ ತಗೊಂಡು ಬಾ, ಫಾತಿಹಾ ಪ್ರಾರ್ಥನೆ ಓದಿ ನಿಶ್ಚಯ ಮಾಡೋಣ ಅಂದಿದ್ದು ನೀವೇ ಅಲ್ವಾ? ನೋಡಿ, ಏಸಿ ಮೆಕ್ಯಾನಿಕ್ ಅಂತ ಕೆಲಸದ ವೀಸಾ. ಸೀಲೂ ಇದೆ."

"ನಾನು ಕೇಳಿದ್ದು ಇಕಾಮಾ ಕಣಯ್ಯಾ. ಅಲ್ಲಿದ್ದು ದುಡಿಯೋಕೆ ಕೊಡ್ತಾರಲ್ಲ, ಆ ಕಾರ್ಡು. ಇದು ಹೊಸಿಲು ದಾಟೋಕೆ ಅಪ್ಪಣೆ, ಅಷ್ಟೇ. ಒಳಗೆ ಹೋದ್ಮೇಲೆ ಬೆರಳಚ್ಚು, ರಕ್ತ, ಎಕ್ಸ್‌ರೇ ಎಲ್ಲಾ ನೋಡಿ ಆಮೇಲೆ ಕೂತ್ಕೋ ಅಂತ ಚಾಪೆ ಹಾಕ್ತಾರೆ. ಇಪ್ಪತ್ತೆರಡು ವರ್ಷ ಅಲ್ಲಿ ನೀರಿನ ಟ್ಯಾಂಕರ್ ಓಡಿಸಿದೋನು ನಾನು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡ."

"ನನಗೇನಾಗಿದೆ ಹಾಜ್? ಗೂಳಿ ಹಾಗಿದೀನಿ."

"ನಾನೂ ಗೂಳಿ ಹಾಗೇ ಇದ್ದೆ."

ಹಾಜ್ ದನಿ ಇಳಿಸಿ ಹಳೆಯ ಕಥೆ ಹೇಳಿದರು. ಮೊದಲ ಸಲ ವೀಸಾ ಬಂದಾಗ ಊರಿಗೆಲ್ಲ ಶರಬತ್ತು ಹಂಚಿ ಹೋದವರು ಅವರು. ಅಲ್ಲಿ ರಕ್ತದಲ್ಲಿ ಕಾಮಾಲೆ ಕಂಡಿತು. ಕಾರ್ಡು ಕೊಡಲಿಲ್ಲ, ನಲವತ್ತನೇ ದಿನ ವಾಪಸು ಕಳಿಸಿದರು. ಹತ್ತಿರದ ಪೇಟೆ ಮನ್ಸೂರಾದಲ್ಲಿ ಬಸ್ಸಿಳಿದವರು ಜನರ ಕಣ್ಣಿಗೆ ಬೀಳಬಾರದೆಂದು ಕಾಲುವೆಯ ದಂಡೆಯಲ್ಲಿ ಕತ್ತಲಾಗುವ ತನಕ ಕೂತಿದ್ದರು. ಮತ್ತೆ ವೀಸಾ ಸಿಕ್ಕಿ ಹೋಗಿ ನೆಲೆ ನಿಂತದ್ದು ಎರಡು ವರ್ಷದ ಮೇಲೆ. ಆ ನಾಚಿಕೆ ಅವರಿಗೆ ಇವತ್ತಿಗೂ ಹಸಿಯಾಗಿಯೇ ಇತ್ತು.

"ಅಂಥದ್ದು ನನ್ನ ಮಗಳ ಹಣೇಲಿ ಬೇಡ," ಎಂದರು.

ನಜ್ಲಾ ಟೀ ತಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

"ಅಪ್ಪಾ, ಆವತ್ತು ನಿಮಗೆ ಬಾಗಿಲು ತೆಗೆದೋರು ಯಾರು?"

"ನಿಮ್ಮಮ್ಮ. ಇನ್ಯಾರು?"

"ಕಾರ್ಡು ಎಲ್ಲಿ ಅಂತ ಕೇಳಿದ್ಳಾ?"

ಹಾಜ್ ಟೀ ಲೋಟವನ್ನು ಎತ್ತಿ, ಕುಡಿಯದೆ ಕೆಳಗಿಟ್ಟರು. "ಇಲ್ಲ. ಊಟ ಆಯ್ತಾ ಅಂತ ಕೇಳಿದ್ಳು."

"ಮತ್ತೆ? ಫಾತಿಹಾ ಓದೋದೂ ವೀಸಾ ಥರಾನೇ ಅಂದ್ಕೊಳ್ಳಿ, ಹೊಸಿಲು ದಾಟೋಕೆ ಅಪ್ಪಣೆ. ಇವತ್ತು ಅದನ್ನ ಕೊಡಿ. ಮದುವೆ ಅನ್ನೋ ಇಕಾಮಾ, ಅವರ ಕಾರ್ಡು ಬಂದ್ಮೇಲೆ ಕೊಡಿ." ಅವಳು ಮೊದಲ ಸಲ ರಗಬನ ಕಡೆ ತಿರುಗಿದಳು. "ಕಾರ್ಡು ಕೊಡದೆ ಕಳಿಸಿದ್ರೆ ಕಾಲುವೆ ಹತ್ರ ಕೂರಬೇಡಿ. ನೆಟ್ಟಗೆ ಇಲ್ಲಿಗೆ ಬನ್ನಿ. ಊಟ ಹಾಕ್ತೀನಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತ್ತು. ಹಾಜ್ ಮಗಳನ್ನೇ ನೋಡುತ್ತ ಕೂತರು. ಅವಳ ಅಮ್ಮನದೇ ಮುಖ, ಅಮ್ಮನದೇ ನಾಲಿಗೆ. ಆಮೇಲೆ ಮೆಲ್ಲಗೆ ಅಂಗೈಗಳನ್ನು ಬಿಡಿಸಿ ಎದೆಯ ಮುಂದೆ ಹಿಡಿದರು. ರಗಬನೂ ಗಡಬಡಿಸಿ ಕೈಯೊಡ್ಡಿದ. ಫಾತಿಹಾ ಮುಗಿದು ಇಬ್ಬರೂ ಮುಖ ಸವರಿಕೊಂಡದ್ದೇ, ಅರ್ಧಕ್ಕೆ ನಿಂತಿದ್ದ ಉಲುಲು ಉಳಿದರ್ಧವನ್ನೂ ಸೇರಿಸಿಕೊಂಡು ಬೀದಿಗೆಲ್ಲ ಕೇಳಿಸಿತು.

"ಶರಬತ್ತು ತಾ," ಎಂದರು ಹಾಜ್, ಸೋತವರಂತೆ ಕಾಣಬಾರದೆಂದು ಗದರುವ ದನಿಯಲ್ಲಿ. "ಆದ್ರೆ ಅರ್ಧ ಲೋಟ! ಉಳಿದರ್ಧ ಕಾರ್ಡು ತೋರಿಸಿದ ಮೇಲೆ."

ನಜ್ಲಾ ತಟ್ಟೆ ತಂದಳು. ಹಾಜ್ ಅವರ ಲೋಟ ಸರಿಯಾಗಿ ಅರ್ಧವಿತ್ತು. ರಗಬನದು ಅಂಚಿನವರೆಗೆ ತುಂಬಿತ್ತು. ಎತ್ತಿದರೆ ಚೆಲ್ಲುತ್ತದೆಂದು ಅವನು ಬಗ್ಗಿ ತಟ್ಟೆಯ ಮೇಲಿಂದಲೇ ಮೊದಲ ಗುಟುಕು ಹೀರಿದ. ಹಾಜ್ ಅದನ್ನು ನೋಡಿದರು. ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು.