ಗೂಡು ಬಿಚ್ಚುವ ನೀರು

ಪ್ರೆಸ್ಸಿನ ಇಂಕಿನ ವಾಸನೆ ಬಂದರೆ ಈಗಲೂ ನನಗೆ ಶಿಡ್ಲಘಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ. ಅಲ್ಲಿನ ಪ್ರೆಸ್ಸಿನಲ್ಲಿ ನಾಲ್ಕೇ ಜನ ಇದ್ದೆವು: ಮೆಷಿನ್ ಓಡಿಸುವ ಅಪ್ಪ, ಮಾಲೀಕ ಶಾಮಣ್ಣ, ಊಟದ ಕ್ಯಾರಿಯರ್ ತಂದ ಅಮ್ಮ, ಜೊತೆಗೆ ನಾನು.

ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕಾಲ ಮುಗಿದು ಆಫ್‌ಸೆಟ್ ಮೆಷಿನ್ ಬಂದು ವಾರವಾಗಿತ್ತು. ಸಂಜೆಗೆ ಕೊಡಬೇಕಾದ ಮದುವೆ ಪತ್ರಿಕೆಯಲ್ಲಿ ಅಕ್ಷರವಿಲ್ಲದ ಕಡೆಯೂ ಕೆಂಪು ಇಂಕು ಮಬ್ಬಾಗಿ ಹರಡುತ್ತಿತ್ತು. ಅಪ್ಪ ಇಂಕು ಬದಲಾಯಿಸಿದರು, ರೋಲರ್ ತೊಳೆದರು. ಹಾಳೆ ಬೆಳ್ಳಗಾಗಲಿಲ್ಲ.

"ನಿನ್ ಕೈಲಿ ಆಗಲ್ಲ ಬಿಡಪ್ಪ. ನಾಳೆ ಬೆಂಗಳೂರಿಂದ ಬೇರೆಯವರನ್ನ ಕರೆಸ್ತೀನಿ," ಎಂದರು ಶಾಮಣ್ಣ. ಅಪ್ಪ ಮತ್ತೆ ರೋಲರ್ ಒರೆಸತೊಡಗಿದರು.

ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಅಮ್ಮ, ಬಿಸಿನೀರಿಗೆ ಸುಕ್ಕುಗಟ್ಟಿದ ಬೆರಳನ್ನು, ಅಕ್ಷರವಿಲ್ಲದ ಕಡೆ ಇಂಕು ಅಂಟದಿರಲೆಂದು ಮೆಷಿನ್ನಿಗೆ ಹಾಕುವ ನೀರಿನ ಬಕೆಟ್ಟಿಗೆ ಅದ್ದಿ ನಾಲಿಗೆಗಿಟ್ಟಳು.

"ಇದು ಬೋರ್ ನೀರಲ್ವಾ? ಈ ಗಡಸು ನೀರಿಗೆ ಗೂಡೇ ಬಿಚ್ಚಲ್ಲ, ನಿಮ್ಮಿಂಕು ಮಾತು ಕೇಳ್ತದಾ?"

"ಗೂಡಿಗೂ ಇಂಕಿಗೂ ಏನಮ್ಮಾ ಸಂಬಂಧ?" ಶಾಮಣ್ಣ ನಕ್ಕರು.

ಅಮ್ಮ ಹೊರಗೆ ನಡೆದಳು. ನೂಲಿಗೆ ಬಳಸುವ ಸಿಹಿಬಾವಿಯ ನೀರನ್ನು ಒಂದು ಬಿಂದಿಗೆ ಹೊತ್ತು ತಂದಳು. ಅಪ್ಪ ಮೆಷಿನ್ನಿನ ತೊಟ್ಟಿ ತೊಳೆದು ಅದನ್ನೇ ತುಂಬಿದರು. ಹತ್ತು ಹಾಳೆ ಕೆಟ್ಟವು. ಹನ್ನೊಂದನೆಯದು ಅಚ್ಚ ಬಿಳಿ, ಅಕ್ಷರವಷ್ಟೇ ಕೆಂಪು. ಅಪ್ಪ ಅದನ್ನು ಮೊದಲು ಅಮ್ಮನ ಕೈಗೇ ಕೊಟ್ಟರು.

ಮಾರನೇ ದಿನ ಬೆಂಗಳೂರಿನಿಂದ ಯಾರೂ ಬರಲಿಲ್ಲ. ಬೆಳಿಗ್ಗೆಯೇ ಶಾಮಣ್ಣ ಖಾಲಿ ಬಿಂದಿಗೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತು, "ಆ ಬಾವಿ ಎಲ್ಲೈತಮ್ಮಾ?" ಎಂದು ಕೇಳಿದರು.