ಅತ್ತೆಯ ರಕ್ತ

"ಎಪ್ಪತ್ತೊಂದು ವರ್ಷಕ್ಕೆ ಇಂಥಾ ಕಿಡ್ನಿ! ನನ್ನದೂ ಇಷ್ಟು ಚೆನ್ನಾಗಿಲ್ಲವೇನೋ ಯಮುನಮ್ಮ," ಎಂದರು ಡಾಕ್ಟರ್ ಲಿಖಿತಾ, ರಕ್ತದ ರಿಪೋರ್ಟ್ ಮಡಚಿಡುತ್ತ. "ಮೂರು ವರ್ಷ ಆಯ್ತು ಈ ನೋವಿನ ಮಾತ್ರೆ ಶುರು ಮಾಡಿ. ಒಂದು ಪಾಯಿಂಟೂ ಮೇಲೆ ಹೋಗಿಲ್ಲ ನೋಡಿ."

ಯಮುನಮ್ಮ ನೋಡಲಿಲ್ಲ. ಅವಳ ಕಣ್ಣು ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಸೊಸೆ ಸುಮನಾಳ ಪಾದದ ಮೇಲಿತ್ತು. ಬೆಳಿಗ್ಗೆ ಬ್ಯಾಕೋಡಿನಲ್ಲಿ ಬಸ್ಸು ಹತ್ತುವಾಗ ಸಡಿಲವಾಗಿದ್ದ ಚಪ್ಪಲಿಯ ಪಟ್ಟಿ ಈಗ ಬಾತ ಪಾದದೊಳಗೆ ಹೂತು ಹೋಗಿತ್ತು.

ಸಾಗರದ ಈ ಕ್ಲಿನಿಕ್ಕಿನಲ್ಲಿ ಕೇಳಿದವರಿಗೆಲ್ಲ ಮಾತ್ರೆ ಬರೆದುಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು, ಬಿ.ಪಿ. ನೋಡಿಸಬೇಕು, ತಿಂದು ಮುಗಿಸಿದ ಖಾಲಿ ಶೀಟುಗಳನ್ನು ತಂದು ತೋರಿಸಬೇಕು. ಯಮುನಮ್ಮ ಅವನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದಳು. ಡಾಕ್ಟರು ಒಂದೊಂದನ್ನೂ ತಿರುಗಿಸಿ ನೋಡಿದರು.

"ಒಂದು ದಿನವೂ ತಪ್ಪಿಸಿಲ್ಲ ಅಲ್ವಾ?"

"ಇಲ್ಲ ಮೇಡಂ, ಒಂದು ದಿನಾನೂ ತಪ್ಸಿಲ್ಲ," ಎಂದಳು ಸುಮನಾ. ಅದು ಸುಳ್ಳಾಗಿರಲಿಲ್ಲ. ಒಂದೂವರೆ ವರ್ಷದಿಂದ ಆ ಮಾತ್ರೆಗಳನ್ನು ನುಂಗುತ್ತಿದ್ದವಳು ಅವಳೇ.

ಸುಮನಾ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನೂರ ನಲವತ್ತು ಮಕ್ಕಳ ಅನ್ನದ ಹಂಡೆ ಇಳಿಸಿ ಇಳಿಸಿ ಸೊಂಟ ಹೋಗಿತ್ತು. ಮೊದಮೊದಲು ಮೆಡಿಕಲ್ ಶಾಪಿನ ಮುಕುಂದಯ್ಯ ಚೀಟಿ ಇಲ್ಲದೆಯೂ ಮಾತ್ರೆ ಕೊಡುತ್ತಿದ್ದ. ತೀರ್ಥಹಳ್ಳಿಯ ಡಾಕ್ಟರೊಬ್ಬರು ಅವಳ ರಕ್ತ ನೋಡಿ, ಕಿಡ್ನಿಗೆ ಪೆಟ್ಟು ಬೀಳುತ್ತಿದೆ, ಇನ್ನು ನೋವಿನ ಮಾತ್ರೆ ಮುಟ್ಟಬೇಡ, ಭಾರ ಎತ್ತಬೇಡ ಎಂದ ಮೇಲೆ ಅವನೂ ಹೆದರಿ ಕೈ ತೊಳೆದುಕೊಂಡ. ಹಂಡೆ ಎತ್ತದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಗಂಡ ಕಿರಣ್ ತೀರಿಕೊಂಡ ಮೇಲೆ ಮನೆಯೂ ಮಗಳು ಧನ್ಯಶ್ರೀಯ ಓದೂ ನಡೆಯುತ್ತಿದ್ದುದು ಆ ಹಂಡೆಯಿಂದಲೇ. ಮುಕುಂದಯ್ಯ ಮಾತ್ರೆ ನಿಲ್ಲಿಸಿದ ಮರುದಿನ ಬೆಳಿಗ್ಗೆ ಯಮುನಮ್ಮನೇ ತನ್ನ ಮಾತ್ರೆಯನ್ನು ಸೊಸೆಯ ಚಾ ಲೋಟದ ಪಕ್ಕ ಇಟ್ಟಿದ್ದಳು. "ಒಂದ್ವಾರ ತಿನ್ನು. ಆಮೇಲೆ ನೋಡಾಣ," ಎಂದಿದ್ದಳು. ಆ ವಾರ ಇನ್ನೂ ಮುಗಿದಿರಲಿಲ್ಲ.

"ಮಂಡಿನೋವು ಹೇಗಿದೆ ಈಗ?" ಡಾಕ್ಟರು ಕೇಳಿದರು.

"ಹಾಂಗೇ ಇದೆ. ಕೂತ್ರೆ ಏಳಾಕಾಗಲ್ಲ, ಎದ್ರೆ ಕೂರಾಕಾಗಲ್ಲ," ಎಂದುಬಿಟ್ಟಳು ಯಮುನಮ್ಮ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ಡಾಕ್ಟರು ಪೆನ್ನು ಕೆಳಗಿಟ್ಟು ಯೋಚಿಸಿದರು. "ಬಿಡದೆ ತಿಂದೂ ಕಡಿಮೆ ಆಗಿಲ್ಲ ಅಂದ್ರೆ ಡೋಸ್ ಸಾಲ್ತಾ ಇಲ್ಲ. ವಯಸ್ಸಿಗೆ ಹೆದರಿ ಒಂದೇ ಬರೀತಿದ್ದೆ. ಆದ್ರೆ ನಿಮ್ಮ ರಕ್ತ ಧೈರ್ಯ ಕೊಡ್ತಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಳ್ಳಿ. ಎರಡು ತಿಂಗಳಿಗೇ ಇನ್ನೊಂದ್ಸಲ ಟೆಸ್ಟ್ ಮಾಡೋಣ."

"ಮೇಡಂ, ಅದು ಎಂತ ಅಂದ್ರೆ..."

ಮೇಜಿನಡಿ ಸುಮನಾಳ ಹೆಬ್ಬೆರಳು ಅತ್ತೆಯ ಕಾಲನ್ನು ಒತ್ತಿತು. ಮೆತ್ತನೆಯ, ನೀರು ತುಂಬಿದ ಬೆರಳು.

"ಹೇಳಿ ಯಮುನಮ್ಮ."

"ಎರಡು ತಿಂದ್ರೆ... ಹೊಟ್ಟೆ ಉರೀತದಾ?"

"ಅದಕ್ಕೂ ಒಂದು ಬರೆದಿದ್ದೀನಿ." ಡಾಕ್ಟರು ಚೀಟಿ ಹರಿದು ಕೊಟ್ಟು, ಸುಮನಾಳ ಕಡೆ ತಿರುಗಿದರು. "ನಿಮ್ಮ ಮುಖ ಯಾಕಮ್ಮ ಊದಿದೆ?"

"ಬಸ್ಸಲ್ಲಿ ನಿದ್ದೆ ಹತ್ತಿತ್ತು ಮೇಡಂ."

"ಅತ್ತೇನ ಇಷ್ಟು ಚೆನ್ನಾಗಿ ನೋಡ್ಕೊಳ್ತೀರಿ. ನಿಮ್ಮ ರಕ್ತಾನೂ ಒಂದ್ಸಲ ಕೊಟ್ಟು ಹೋಗಿ, ಇವತ್ತೇ."

"ಮುಂದಿನ ಸಲ ಕೊಡ್ತೀನಿ. ಬಸ್ಸಿಗೆ ಹೊತ್ತಾಯ್ತು," ಎಂದು ಅವಳು ಎದ್ದೇಬಿಟ್ಟಳು.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅಂಗಡಿಯಲ್ಲಿ ಮಾತ್ರೆ ಕೊಂಡು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತ ಮೇಲೆ ಸುಮನಾ ಸಿಡುಕಿದಳು.

"ಎಂತಕ್ಕೆ ಬಾಯಿ ಬಿಡಾಕೆ ಹೊರಟಿದ್ರಿ ಅಲ್ಲಿ?"

"ನಿನ್ನ ಕಾಲು ನೀನೇ ನೋಡ್ಕ. ಆನೆಕಾಲು ಆಗಿದೆ."

"ನೋಡ್ಕಂಡು ಕೂತ್ರೆ? ನಾಳೆ ಹಂಡೆ ನೀವು ಇಳಿಸ್ತೀರಾ?"

"ಆ ಡಾಕ್ಟರಮ್ಮ ಪಾಪ, ನನ್ನ ಮೇಲೆ ಎಷ್ಟು ನಂಬಿಕೆ ಇಟ್ಟಾರೆ..."

"ಪಾಪ ಅಂತ ಅವ್ರ ಮನೆಗೇ ಹೋಗಿ ಇದ್ದುಬಿಡಿ. ಧನ್ಯಶ್ರೀದು ಪಿಯುಸಿ ಮುಗೀಲಿ. ಆಮೇಲೆ ನಾನೇ ಹೋಗಿ ಎಲ್ಲಾ ಹೇಳ್ತೀನಿ, ಬೇಕಾದ್ರೆ ಆಸ್ಪತ್ರೇಲೇ ಮಲಗ್ತೀನಿ."

ಯಮುನಮ್ಮ ಮಂಡಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಹಲ್ಲು ಕಚ್ಚಿ ಒಂದಿಷ್ಟು ಸರಿದು ಕೂತಳು. ಅದನ್ನು ಕಂಡು ಸುಮನಾಳ ಸಿಟ್ಟು ಇಳಿಯಿತು. ಚೀಲದಿಂದ ಹೊಸ ಶೀಟು ತೆಗೆದು ಎರಡು ಮಾತ್ರೆ ಒತ್ತಿದಳು. ಅಂಗೈ ಮೇಲಿಟ್ಟು ಚಾಚಿದಳು.

"ಒಂದು ನೀವು ತಗಳಿ ಅತ್ತೆ. ಇನ್ನು ದಿನಕ್ಕೆ ಎರಡು ಸಿಗ್ತವಲ್ಲ. ನಿಮಗೂ ಒಂದು ಆಗ್ತದೆ."

ಯಮುನಮ್ಮ ಆ ಮಾತ್ರೆಯನ್ನು ನೋಡಿದಳು. ಒಂದೂವರೆ ವರ್ಷ ಆಗಿತ್ತು ಅದು ನಾಲಿಗೆಗೆ ತಾಗಿ. ಕೈಯೇನೋ ಮುಂದೆ ಬಂತು. ಬೆಳಿಗ್ಗೆ ಸೂಜಿ ಚುಚ್ಚಿದಲ್ಲಿ ಅಂಟಿಸಿದ ಹತ್ತಿ ಅವಳ ತೋಳಿನಲ್ಲಿ ಇನ್ನೂ ಹಾಗೇ ಇತ್ತು. ಅವಳು ಸೊಸೆಯ ಬೆರಳುಗಳನ್ನು ಒಂದೊಂದಾಗಿ ಮಡಚಿ, ಎರಡೂ ಮಾತ್ರೆಗಳ ಮೇಲೆ ಮುಷ್ಟಿ ಮುಚ್ಚಿದಳು.

"ನಂಗೆ ಬೇಡ ಮಾರಾಯ್ತಿ. ನನ್ನ ರಕ್ತಾನೂ ಕೆಟ್ರೆ, ನಿಂಗೆ ಮಾತ್ರೆ ಯಾರು ಬರಕೊಡ್ತಾರೆ?"