ನಾಲ್ಕನೆಯ ಬದಿ

ಅಕ್ಕ ಬೆರಳು ತಾಗಿಸಿದ್ದೇ ತಡ, ಕೇಬಲ್ ಟೈ ಪಟ್ಟೆಂದು ಮುರಿದು ಅವಳ ಕಾಲ ಬಳಿ ಬಿತ್ತು. ಪಕ್ಕದ್ದನ್ನು ಮುಟ್ಟಿದಳು, ಅದರದ್ದೂ ಅದೇ ಕಥೆ. ನರ್ಸರಿಯ ಸಸಿಗಳಿಗೆ ನೆರಳಾಗಲೆಂದು ಹಾಸಿದ್ದ ಹಸಿರು ಪರದೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದದ್ದು ಈ ಪ್ಲಾಸ್ಟಿಕ್ ಪಟ್ಟಿಗಳೇ. ತಂದಾಗ ಬೆಳ್ಳಗೆ ಹೊಳೆಯುತ್ತಿದ್ದವು, ಒಂದು ಬೇಸಿಗೆಯ ಬಿಸಿಲಿಗೆ ಹಳದಿ ಬಿದ್ದು ಒಣಕಡ್ಡಿಯಂತಾಗಿದ್ದವು.

"ನೋಡು ನಿನ್ನ ಘನಂದಾರಿ ಕೆಲಸಾನ!" ಎಂದು ತುಂಡುಗಳನ್ನು ತಮ್ಮನ ಮೂಗಿನ ಹತ್ತಿರ ಹಿಡಿದಳು. "ಹೊರಗಡೆಗೆ ಆದ್ರೆ ಕರೀದು ತಗೊಳ್ಳಿ, ಬಿಸಿಲು ತಡೆಯುತ್ತೆ ಅಂತ ಅಂಗಡಿಯವನು ಬಾಯಿ ಬಿಟ್ಟು ಹೇಳಿದ್ದನಂತೆ. ನೀನ್ಯಾಕೆ ಈ ಸಣಕಲು ಬಿಳೀದು ತಂದೆ?"

"ಹಸಿರು ಮೇಲೆ ಬಿಳಿ ಚೆನ್ನಾಗಿ ಕಾಣುತ್ತಲ್ಲಕ್ಕ... ಮಲ್ಲಿಗೆ ಮೊಗ್ಗಿನ ಥರ."

"ಹಾಗಾದ್ರೆ ಮುಡ್ಕೊ!"

ಪರದೆಯ ಕೆಳಗೆ, ಗೋಡೆಯ ಬದಿಗೆ ಮಣೆ ಹಾಕಿ ಕೂತು ಟ್ರೇಗಳಿಗೆ ಸಸಿ ನೆಡುತ್ತಿದ್ದ ಅಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ಅಕ್ಕನ ಸಿಟ್ಟು ನೆತ್ತಿಗೇರಿತು. ತಮ್ಮ ಕೈ ಹಾಕಿದ ಕೆಲಸವೆಲ್ಲ ಹೀಗೇ. ಬೀಗ ಹಾಕಿದರೆ ಕೀಲಿ ಒಳಗೇ ಉಳಿಯುತ್ತಿತ್ತು. ನೀರು ಬಿಟ್ಟರೆ ನಿಲ್ಲಿಸುವ ನೆನಪಿರುತ್ತಿರಲಿಲ್ಲ, ಕುಂಡಗಳು ಕೆರೆಯಾಗುತ್ತಿದ್ದವು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಅವತ್ತು ಹೊರಗೆ ಬಂದೇಬಿಟ್ಟಿತು.

"ಸಾಕಪ್ಪ, ನಿನ್ನ ಸಹವಾಸ. ನಾಳೆಯಿಂದ ಬೇರೆ ಎಲ್ಲಾದ್ರೂ ಕೆಲಸ ನೋಡ್ಕೊ. ನರ್ಸರೀನ ನಾನೊಬ್ಬಳೇ ನೋಡ್ಕೋತೀನಿ."

ಅಮ್ಮನ ನಗು ನಿಂತಿತು. ತಮ್ಮ ಪೈಪು ಎಳೆದುಕೊಂಡು ಗುಲಾಬಿ ಕುಂಡಗಳ ಕಡೆ ಹೋಗಿ ನೀರು ಹಾಕುತ್ತ ನಿಂತ.

ಅಕ್ಕ ಅಂಗಡಿಗೆ ಹೋಗಿ ಬೆರಳಗಲದ ಕರಿ ಟೈಗಳನ್ನು ತಾನೇ ಆರಿಸಿ ತಂದಳು. ಏಣಿ ಹತ್ತಿ ಇಳಿದು, ಮೂರು ಬದಿಯ ಬಿಳಿ ಟೈಗಳನ್ನೆಲ್ಲ ಕಿತ್ತೆಸೆದು, ಹೊಸವನ್ನು ಹಾಕಿ ಹಲ್ಲು ಕಚ್ಚಿ ಎಳೆದಳು. ಆನೆ ಬಂದು ಎಳೆದರೂ ಜಗ್ಗಬಾರದು, ಹಾಗೆ. ಅಮ್ಮ ಕೂತಿದ್ದ ಗೋಡೆ ಬದಿಯೊಂದು ಬಾಕಿ ಇತ್ತು. ಏಣಿಯನ್ನು ಅಲ್ಲಿಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಗಾಳಿ ಎದ್ದಿತು.

ಅಂಥಿಂಥ ಗಾಳಿಯಲ್ಲ. ಪರದೆ ಒಮ್ಮೆಲೇ ಹೊಟ್ಟೆ ಉಬ್ಬಿಸಿಕೊಂಡು ಇಡೀ ಚೌಕಟ್ಟನ್ನೇ ಮೇಲಕ್ಕೆ ಜಗ್ಗತೊಡಗಿತು. ಕಂಬಗಳ ಬುಡದಲ್ಲಿ ಮಣ್ಣು ಬಾಯಿ ಬಿಟ್ಟಿತು. "ಅಮ್ಮಾ, ಏಳು! ಆಚೆ ಬಾ!" ಎಂದು ಅಕ್ಕ ಕೂಗಿಕೊಂಡಳು. ಅಮ್ಮನ ಮಂಡಿ ಕೇಳಬೇಕಲ್ಲ. ಅವಳು ಒಂದು ಕೈ ನೆಲಕ್ಕೂರಿ ಇನ್ನೂ ಏಳುವ ಪ್ರಯತ್ನದಲ್ಲೇ ಇದ್ದಳು. ತಮ್ಮ ಎಲ್ಲಿದ್ದನೋ, ನೀರಿನ ಪೈಪು ಬಿಸಾಕಿ ಓಡಿ ಬಂದು ಅಮ್ಮನ ತಲೆಯ ಮೇಲಿದ್ದ ಅಡ್ಡಕಂಬಿಗೆ ಜೋತುಬಿದ್ದ. ಅವನ ಕಾಲುಗಳೂ ನೆಲ ಬಿಟ್ಟವು. ರಸ್ತೆಯಾಚೆ, ಕಾರು ತೊಳೆಯುವವರು ಕಬ್ಬಿಣದ ತಂತಿಯಲ್ಲಿ ಬಿಗಿದಿದ್ದ ಚಪ್ಪರ ಕಂಬಗಳ ಸಮೇತ ಎದ್ದು ಹೋಗಿ ದೊಪ್ಪನೆ ಬಿತ್ತು. ಅಕ್ಕ ಅದನ್ನು ಕಣ್ಣಾರೆ ಕಂಡಳು. ಮುಂದಿನ ಸರದಿ ಈ ಚೌಕಟ್ಟಿನದೇ ಎಂದು ಅವಳ ಜೀವ ಬಾಯಿಗೆ ಬಂತು.

ಪಟ್. ಪಟ್. ಪಟಪಟಪಟ.

ಗೋಡೆ ಬದಿಯ ಬಿಳಿ ಟೈಗಳು ಸಾಲಾಗಿ ಮುರಿದವು. ಆ ಬದಿಯ ಪರದೆ ಬಿಚ್ಚಿಕೊಂಡು ಮೇಲೆದ್ದಿತು, ಒಳಗೆ ತುಂಬಿದ್ದ ಗಾಳಿ ಅಲ್ಲಿಂದ ಹಾಯ್ದು ಹೋಯಿತು. ಚೌಕಟ್ಟು ಧಡಕ್ಕನೆ ಇಳಿದು ತನ್ನ ಗುಂಡಿಗಳಲ್ಲಿ ಮತ್ತೆ ಕೂತಿತು. ತಮ್ಮನೂ ಅದರ ಜೊತೆಗೇ ಇಳಿದ. ಅಮ್ಮ ಇದ್ದಲ್ಲೇ ಇದ್ದಳು, ಕೈಯಲ್ಲಿದ್ದ ಸಸಿಯನ್ನೂ ಬಿಟ್ಟಿರಲಿಲ್ಲ.

ಅಕ್ಕ ಓಡಿ ಬಂದು ಅಮ್ಮನ ತಲೆ, ಭುಜ, ಬೆನ್ನು ಎಲ್ಲ ಸವರಿ ನೋಡಿದಳು. ಒಂದು ಗೀರೂ ಇರಲಿಲ್ಲ. ತಿರುಗಿದರೆ, ತಮ್ಮ ಕೆಳಗೆ ಕೂತು ಮುರಿದ ಬಿಳಿ ತುಂಡುಗಳನ್ನು ಅವಸರದಿಂದ ಹೆಕ್ಕಿ ಜೇಬಿಗೆ ತುರುಕಿಕೊಳ್ಳುತ್ತಿದ್ದ.

"ಬಯ್ಯಬೇಡ ಅಕ್ಕ," ಎಂದ, ತಲೆ ಎತ್ತದೆ. "ಇವೂ ಮುರಿದುಹೋದ್ವು. ಹೋಗೋಕೆ ಮುಂಚೆ ನಾನೇ ಹೊಸದು ಹಾಕ್ಕೊಟ್ಟು ಹೋಗ್ತೀನಿ."

ಅಕ್ಕ ಉಳಿದ ಮೂರು ಬದಿಗಳನ್ನು ನೋಡಿದಳು. ಅವಳ ಕರಿ ಟೈಗಳಲ್ಲಿ ಒಂದೂ ಅಲುಗಾಡಿರಲಿಲ್ಲ. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಈ ಬದಿಗೂ ಅವನ್ನೇ ಬಿಗಿದಿರುತ್ತಿದ್ದಳು. ಆಮೇಲೆ ಏನಾಗುತ್ತಿತ್ತು ಎಂಬುದು ರಸ್ತೆಯಾಚೆ ಅಡ್ಡಡ್ಡ ಬಿದ್ದಿತ್ತು. ಯಾವ ದೇವರಿಗೆ ಕೈ ಮುಗಿಯಬೇಕೋ ತೋಚದೆ, ಮಣ್ಣು ಮೆತ್ತಿದ್ದ ತಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟಳು.

"ಸದ್ಯ ಕಣೋ, ನೀನು ಅಂಗಡಿಯವನ ಮಾತು ಕೇಳಲಿಲ್ಲ," ಎಂದಳು. "ಸದ್ಯ."

ತಮ್ಮ ಕಕ್ಕಾಬಿಕ್ಕಿಯಾಗಿ ಅಮ್ಮನ ಮುಖ ನೋಡಿದ. ಅಮ್ಮ ಸಸಿಯನ್ನು ಟ್ರೇಗೆ ನೆಟ್ಟು, ಬೆರಳಿಂದ ಮಣ್ಣು ಒತ್ತಿದಳು.

ಗಾಳಿ ತಣ್ಣಗಾದ ಮೇಲೆ ಅಕ್ಕ ಏಣಿಯನ್ನು ಗೋಡೆ ಬದಿಗೆ ಇಟ್ಟಳು. ಒಳಗೆ ಹೋಗಿ ಕಪಾಟಿನಲ್ಲಿ ತಡಕಾಡಿ, ಉಳಿದಿದ್ದ ಬಿಳಿ ಟೈಗಳ ಕಟ್ಟನ್ನು ತಂದು ತಮ್ಮನ ಕೈಗಿಟ್ಟಳು.

"ಈ ಕಡೆ ನೀನು ಕಟ್ಟು. ವರ್ಷಾ ವರ್ಷಾ ಇದು ನಿನ್ನದೇ ಕೆಲಸ, ತಿಳೀತಾ?"

ತಮ್ಮ ಎರಡೆರಡು ಮೆಟ್ಟಿಲು ಹಾರಿ ಏಣಿಯ ತುದಿ ಮುಟ್ಟಿದ. ಒಂದು ಟೈಯನ್ನು ಕಂಬಿಗೆ ಸುತ್ತಿ, ಕೆಳಗೆ ಬಗ್ಗಿ ಕೇಳಿದ:

"ಬಿಗಿಯಾಗಿ ಕಟ್ಲಾ ಅಕ್ಕ?"

"ಬೇಡಪ್ಪ," ಅಕ್ಕ ಏಣಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು. "ನೀನು ಕಟ್ಟೋ ಹಾಗೇ ಕಟ್ಟು."